ಉತ್ತರೆಯಿಂದ ವಿಶಾಖದವರೆಗೆ: ಕೊಪ್ಪಳ, ರಾಯಚೂರು, ಬಳ್ಳಾರಿ ಕಡೆ ವಲಸೆ ಹಕ್ಕಿ ಎಲ್ಲಿ ನೋಡಬೇಕು, ಹೆಂಗ ಗುರುತಿಸಬೇಕು

ಮುನಿರಾಬಾದ್ ಹಿನ್ನೀರು · ಸೆಪ್ಟೆಂಬರ್ 14

ಉತ್ತರೆ ಮಳೆ ಹಿಡಿಯುತ್ತಿದ್ದಂತೆ ಈ ಗುಂಪಿನಲ್ಲಿ ಎಲ್ಲರದೂ ಒಂದೇ ಪ್ರಶ್ನೆ: "ಡ್ಯಾಂ ಕಡೆ ಹಕ್ಕಿ ಬಂದಾವೇನ್ರಿ?" ಬಂದಿವೆ, ಆದರೆ ಡ್ಯಾಂ ಕಡೆ ಅಲ್ಲ. ಕಾರಣ ಬರೆಯುತ್ತೇನೆ. ಗೊತ್ತಿದ್ದವರು ಸೇರಿಸಿ, ತಿದ್ದಿ.

ತುಂಗಭದ್ರಾ ಜಲಾಶಯದ ಪೂರ್ಣ ಮಟ್ಟ 1,633 ಅಡಿ. ಒಳಹರಿವು ಚೆನ್ನಾಗಿರುವ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ನೀರು ಅದರ ಆಸುಪಾಸಿನಲ್ಲೇ ಇರುತ್ತದೆ. ಅಲೆ ನೇರವಾಗಿ ಕಲ್ಲಿಗೆ, ಜಾಲಿ ಗಿಡದ ಬುಡಕ್ಕೆ ಬಡಿಯುತ್ತಿರುತ್ತದೆ, ಕೆಸರಿನ ದಂಡೆ ಇರುವುದೇ ಇಲ್ಲ. ಉದ್ದ ಕೊಕ್ಕಿನ ಗೊರವಗಳಿಗೆ ಬೇಕಾದದ್ದು ಒದ್ದೆ ಕೆಸರು, ಇಲ್ಲವೇ ಕಾಲು ಮುಳುಗುವಷ್ಟು ನೀರು. ಕತ್ತು ಇಳಿಬಿಟ್ಟು ತಳ ಕೆದಕುವ ಬಾತುಗಳಿಗೂ ಒಂದು ಮೊಳಕ್ಕಿಂತ ಆಳ ಆದರೆ ಆಗದು. ಹಿನ್ನೀರು ಇಳಿದು ಕೆಸರು ಬಯಲಾಗುವುದು ಡಿಸೆಂಬರ್ ಕೊನೆ, ಜನವರಿಗೆ. ರಾಜಹಂಸ, ಗಲ್ (ಕಡಲಕ್ಕಿ), ದೊಡ್ಡ ಬಾತಿನ ಹಿಂಡು ಬೇಕಾದವರು ಡ್ಯಾಂ ಯಾತ್ರೆಯನ್ನು ಆಗ ಇಟ್ಟುಕೊಳ್ಳಿ.

ಈಗ ನೋಡಬೇಕಾದದ್ದು ಎಡದಂಡೆ ಕಾಲುವೆ ಕೆಳಗಿನ ಗದ್ದೆ, ಅರ್ಧ ತುಂಬಿದ ಸಣ್ಣ ಕೆರೆ, ಯಲಬುರ್ಗಾ–ಕುಕನೂರು ಕಡೆಯ ಎರೆ ಬಯಲು. ಮಾನ್ವಿ, ಲಿಂಗಸುಗೂರು ಸುತ್ತಲ ಬೀಳು ಹೊಲಗಳನ್ನೂ ಸೇರಿಸಿಕೊಳ್ಳಿ.

ಬರುವ ಕ್ರಮ ಸುಮಾರಾಗಿ ಹೀಗೆ. ಸಣ್ಣ ಗೊರವಗಳಾದ ವುಡ್, ಗ್ರೀನ್, ಕಾಮನ್ ಸ್ಯಾಂಡ್‌ಪೈಪರ್‌ಗಳು ಮತ್ತು ಗುಲಾಬಿ ಕಬ್ಬಕ್ಕಿಯ ಮೊದಲ ಹಿಂಡುಗಳು ಆಗಸ್ಟ್‌ನಲ್ಲೇ ಇಳಿದಿರುತ್ತವೆ. ಸೆಪ್ಟೆಂಬರ್‌ನಲ್ಲಿ ಹಳದಿ ಸಿಪಿಲೆ, ಬಾತುಗಳ ಪೈಕಿ ಎಲ್ಲಕ್ಕಿಂತ ಮೊದಲು ಬರುವ ಬಿಳಿಹುಬ್ಬಿನ ಗಾರ್ಗನಿ, ತಿಂಗಳ ಕೊನೆಗೆ ಹೊಲದ ಮೇಲೆ ತಗ್ಗಿ ಹಾರುವ ಬೇಟೆ ಹಕ್ಕಿಗಳು, ಅಂದರೆ ಮೊದಲ ಹ್ಯಾರಿಯರ್‌ಗಳು. ಸೆಪ್ಟೆಂಬರ್ ನಡುವಿನಿಂದ ಅಕ್ಟೋಬರ್ ನಡುವಿನವರೆಗೆ ದಾರಿಹೋಕರ ಕಾಲ: ಯುರೋಪಿಯನ್ ರೋಲರ್, ನೀಲಿ ಕೆನ್ನೆಯ ಕಳ್ಳಿಪೀರ. ಇವು ನಾಲ್ಕು ದಿನ ನಿಂತರೆ ಹೆಚ್ಚು. ಅಕ್ಟೋಬರ್‌ನಲ್ಲಿ ಬರಿನೆಲದ ಸಣ್ಣ ಹಕ್ಕಿಗಳಾದ ವೀಟಿಯರ್, ಶಾರ್ಟ್-ಟೋಡ್ ಲಾರ್ಕ್, ಜೊತೆಗೆ ಅಗಲ ಕೊಕ್ಕಿನ ಬಾತು ಶೊವೆಲರ್. ದೀಪಾವಳಿ ಆಸುಪಾಸಿಗೆ ಸೂಜಿಬಾಲದ ಬಾತು, ಕಾಳು ತಿನ್ನುವ ಸಣ್ಣ ಹಕ್ಕಿ ಬಂಟಿಂಗ್. ನವೆಂಬರ್‌ನಲ್ಲಿ ಪಟ್ಟೆತಲೆ ಹೆಬ್ಬಾತು, ಅದೃಷ್ಟ ಇದ್ದರೆ ಆಕಾಶದಲ್ಲಿ ಅಮೂರ್ ಚಾಣ.

ಸಿಂಧನೂರು ಗದ್ದಿಬದು · ಸೆಪ್ಟೆಂಬರ್ 14

ಗದ್ದಿ ಅಂದ ಕೂಡ್ಲೆ ಎಲ್ಲಾ ಗದ್ದಿ ಒಂದೇ ಅಲ್ರಿ. ಈಗ ಕಾರಟಗಿಯಿಂದ ಸಿಂಧನೂರು ತನಕ ರೋಡಿನ ಎರಡೂ ಕಡೆ ನೆಲ್ಲು ಒತ್ತಾಗಿ ಬೆಳದು ನಿಂತೈತಿ. ಅದರೊಳಗ ನೀರು ಇದ್ರೂ ಹಕ್ಕಿ ಇಳಿಯಂಗಿಲ್ಲ, ಇಳಿದ್ರೂ ನಿಮಗ ಕಾಣಂಗಿಲ್ಲ. ನೀವು ಹುಡುಕಬೇಕಾದ್ದು ನಾಟಿ ತಪ್ಪಿದ ಮಡಿ. ಕಾಲುವಿ 227 ಕಿ.ಮೀ. ಉದ್ದ, ಕೆಳಭಾಗಕ್ಕ ನೀರು ತಡವಾಗಿ ಮುಟ್ಟತೈತಿ. ಮಾನ್ವಿ ಕಡೆ ಉಪಕಾಲುವಿ ತುದಿಯೊಳಗ ರೊಳ್ಳಿ ಹೊಡದು (ಕೆಸರು ಮಾಡಿ) ಹಂಗ ಬಿಟ್ಟ ಮಡಿ ಸಿಗ್ತಾವ. ನೀರು ಎರಡು ಬೆರಳು, ನಡುನಡುವ ಮಣ್ಣಿನ ಹೆಂಟಿ ಮ್ಯಾಲ ಎದ್ದಿರಬೇಕು. ಅಂಥಾ ಒಂದ ಎಕರೆದಾಗ ಸಿಗೋ ಸ್ಯಾಂಡ್‌ಪೈಪರ್ ನೂರು ಎಕರೆ ಹಸರು ನೆಲ್ಲಿನಾಗ ಸಿಗಂಗಿಲ್ಲ.

ಇನ್ನೊಂದು ಜಾಗ ಬಸಿಗಾಲುವಿ. ಗದ್ದಿಯಿಂದ ಹೊರಬೀಳೋ ನೀರು ಹಳ್ಳಕ್ಕ ಸೇರೋ ಕಡೆ ಕೆಸರು ಸದಾ ಇರ್ತೈತಿ. ಗ್ರೀನ್ ಸ್ಯಾಂಡ್‌ಪೈಪರ್ ಒಂಟಿಯಾಗಿ ಅಲ್ಲೇ ಇರ್ತೈತಿ, ಹಿಂಡಿನ ಜೊತಿ ಬಾಳ ಬೆರಿಯಂಗಿಲ್ಲ.

ಕೊಯ್ಲು ನವೆಂಬರ್ ಎರಡನೇ ವಾರದ ಮ್ಯಾಲ. ಕೊಯ್ಲು ಮಷೀನ್ ಇಳಿದ ದಿನ ಹಿಂದಿಂದ ಬೆಳ್ಳಕ್ಕಿ, ಸಿಪಿಲೆ, ಬಾಯ್ಕಳಕ ಸಾಲು ಹಿಡಿತಾವ, ಮ್ಯಾಲ ಮಾರ್ಷ್ ಹ್ಯಾರಿಯರ್ ತಿರುಗತೈತಿ. ಕೂಳಿಗೆ ಬೆಂಕಿ ಹಚ್ಚೋದ್ರೊಳಗ ಹೋಗ್ರಿ.

ಔಷಧ ಹೊಡದ ಗದ್ದಿ ಬದುವಿನ ಮ್ಯಾಲ ಅವತ್ತೂ ಮರುದಿನಾನೂ ಅಡ್ಡಾಡಬ್ಯಾಡ್ರಿ. ವಾಸನಿ ಬಂದ್ರ ವಾಪಸ್ ಬರ್ರಿ, ಅಷ್ಟೇ.

ಬಳ್ಳಾರಿ 70–300 · ಸೆಪ್ಟೆಂಬರ್ 16

ಬಳ್ಳಾರಿ ಸಿಟಿಯಿಂದ ಒಂದು ಬೆಳಿಗ್ಗೆಯಲ್ಲಿ ಹೋಗಿ ಬರೋ ಜಾಗ ಹೇಳಿ ಸರ್. ಬೈಕ್ ಇದೆ, 70–300 ಲೆನ್ಸ್ ಇದೆ, ದುರ್ಬೀನು ಇಲ್ಲ.

ಹಗರಿ ಮರಳು · ಸೆಪ್ಟೆಂಬರ್ 16

ಮೊದಲು ದುರ್ಬೀನು ತಗೊಳ್ಳಿ, 8×42 (ಎಂಟು ಪಟ್ಟು ಹತ್ತಿರ ತೋರಿಸೋದು). 300ರ ಲೆನ್ಸಿನಲ್ಲಿ ನೂರು ಮೀಟರ್ ಆಚೆಯ ಸ್ಟಿಂಟ್ (ಗುಬ್ಬಿಯಷ್ಟು ಸಣ್ಣ ಗೊರವ) ಬರೀ ಬೂದು ಚುಕ್ಕೆ. 10× ಬೇಡ ಅಂತಲ್ಲ, ಆದರೆ ಕೈ ನಡುಗಿದ್ದು ಅದರಲ್ಲಿ ಹೆಚ್ಚು ಕಾಣುತ್ತೆ, ನೋಟದ ಅಗಲವೂ ಕಮ್ಮಿ. ಹಾರೋ ಹ್ಯಾರಿಯರ್ ಹಿಡಿಯೋಕೆ 8× ಸಲೀಸು.

ಜಾಗ: ಹಗರಿ, ಅಂದರೆ ವೇದಾವತಿ ಹೊಳೆಯ ಪಾತ್ರ. ನೀರು ಇಳಿದ ಮೇಲೆ ಮರಳು ದಿಬ್ಬಗಳ ನಡುವೆ ಉಳಿಯೋ ಮಡುಗಳ ಅಂಚಲ್ಲಿ ಲಿಟಲ್ ರಿಂಗ್ಡ್ ಪ್ಲೋವರ್, ಸಿಪಿಲೆ, ಗ್ರೀನ್‌ಶ್ಯಾಂಕ್. ಸ್ಮಾಲ್ ಪ್ರಾಟಿಂಕೋಲ್ ಇಲ್ಲಿಯದೇ ಹಕ್ಕಿ, ವಲಸೆ ಅಂತ ಪಟ್ಟಿಗೆ ಸೇರಿಸಬೇಡಿ. ಮರಳು ತೆಗೆದ ಗುಂಡಿಗಳ ಬಗ್ಗೆ ಹುಷಾರು. ಮೇಲೆ ತೆಳು ನೀರು ಕಂಡರೂ ಒಳಗೆ ಆಳು ಮುಳುಗೋ ಗುಂಡಿ ಇರುತ್ತೆ.

ಎರಡನೆಯದು ದರೋಜಿ ಕೆರೆ. ಏರಿ ಮೇಲಿಂದ ನೋಡಬಹುದು. ಕರಡಿಧಾಮ ಅದರ ಹತ್ತಿರವೇ, ಆದರೆ ಅದು ಬೇರೆ ಜಾಗ. ಅಲ್ಲಿ ಜನ ಹುಡುಕೋ ಹಳದಿಕತ್ತಿನ ಪಿಕಳಾರ, ಪೇಂಟೆಡ್ ಸ್ಯಾಂಡ್‌ಗ್ರೌಸ್ ವರ್ಷವಿಡೀ ಇರೋವು, ಈ ಚರ್ಚೆಗೆ ಬರೋಲ್ಲ.

ಅಂಕಸಮುದ್ರದ ಪಕ್ಷಿಧಾಮದ ಕೆರೆ ಈಗ ವಿಜಯನಗರ ಜಿಲ್ಲೆ ಲೆಕ್ಕ. 2024ರಲ್ಲಿ ರಾಮ್ಸರ್ ಪಟ್ಟಿಗೆ (ಅಂತರರಾಷ್ಟ್ರೀಯ ಮಹತ್ವದ ಜೌಗು ಜಾಗಗಳ ಪಟ್ಟಿ) ಸೇರಿದ ಮೇಲೆ ಎಲ್ಲರೂ ಅಲ್ಲಿಗೇ ಓಡ್ತಾರೆ. ಅದರ ಜೀವಾಳ ನೀರಲ್ಲಿ ನಿಂತ ಕರಿಜಾಲಿ ಮರಗಳ ಮೇಲಿನ ಗೂಡುಗಳು. ಗೊರವಗಳಿಗೆ ಬೇಕಾದ ಬಯಲು ಕೆಸರು ಈ ತಿಂಗಳಲ್ಲಿ ಅಲ್ಲಿ ಸಿಗೋದು ಕಷ್ಟ.

ಎರೆಹೊಲ ಯಲಬುರ್ಗಾ · ಸೆಪ್ಟೆಂಬರ್ 17

ಎರೆ ಬಯಲಿಗೆ ಹೊರಡುವವರಿಗೆ ಒಂದು ಮಾತು. ಮಳೆ ಬಿದ್ದ ಮರುದಿನ ಬೈಕ್ ಇಳಿಸಬೇಡಿ. ಎರೆ ಮಣ್ಣು ಟೈರಿಗೆ ಸುತ್ತಿಕೊಂಡು ಮಡ್‌ಗಾರ್ಡ್ ಒಳಗೆ ಗಟ್ಟಿಯಾಗಿ ತುಂಬಿ ಗಾಲಿಯೇ ತಿರುಗುವುದಿಲ್ಲ. ಆಮೇಲೆ ಎಕ್ಸಲೇಟರ್ ಕೊಟ್ಟಷ್ಟೂ ಕ್ಲಚ್ ಪ್ಲೇಟ್ ಸುಡುತ್ತದೆ. ಎರಡು ದಿನ ಬಿಸಿಲು ಬಿದ್ದ ಮೇಲೆ ಹೋಗಿ, ಅಲ್ಲಿವರೆಗೆ ಡಾಂಬರು ರಸ್ತೆಯ ಮೇಲಿಂದಲೇ ನೋಡಿ. ಸಿಕ್ಕಿಕೊಂಡರೆ ಮುಂದಿನ ಮಡ್‌ಗಾರ್ಡ್ ಬಿಚ್ಚಿ ಕಟ್ಟಿಗೆಯಿಂದ ಕೆತ್ತಬೇಕು, ಬೇರೆ ದಾರಿ ಇಲ್ಲ. 10 ನಂಬರ್ ಸ್ಪ್ಯಾನರ್ ಜೇಬಿನಲ್ಲಿರಲಿ.

ಹೊತ್ತು: ಬೆಳಿಗ್ಗೆ 6ರಿಂದ 9. ಆಮೇಲೆ ನೆಲದಿಂದ ಬಿಸಿಗಾಳಿ ಏಳತೊಡಗಿದರೆ ದುರ್ಬೀನಿನಲ್ಲಿ ಎಲ್ಲ ಅಲುಗುತ್ತದೆ. ಲಾರ್ಕ್, ಪಿಪಿಟ್‌ಗಳ ಎದೆಗೆರೆ ನೋಡಿ ತೀರ್ಮಾನ ಮಾಡುವುದು ಆಗ ಆಗದ ಮಾತು. ಎಷ್ಟು ದುಡ್ಡಿನ ಸ್ಕೋಪ್ (ಟ್ರೈಪಾಡ್ ಮೇಲಿಡುವ ದೂರದರ್ಶಕ) ಇದ್ದರೂ ಬಿಸಿಗಾಳಿ ಬಿಡುವುದಿಲ್ಲ. ಸಂಜೆ 4.30ರ ಮೇಲೆ ಮತ್ತೆ ಸರಿಹೋಗುತ್ತದೆ.

ಹೊಲ ಆರಿಸುವಾಗ ಬೆಳೆ ನೋಡಿ. ಸಜ್ಜೆ ತೆನೆ ಬಲಿತ ಕಡೆ ಗುಲಾಬಿ ಕಬ್ಬಕ್ಕಿ. ಹಿಂಗಾರಿಗೆ ಹರಗಿ ಬಿಟ್ಟ ಬರಿಯ ನೆಲದಲ್ಲಿ ವೀಟಿಯರ್, ಶಾರ್ಟ್-ಟೋಡ್ ಲಾರ್ಕ್, ಪೆಸಿಫಿಕ್ ಗೋಲ್ಡನ್ ಪ್ಲೋವರ್. ಕಡಲೆ, ಜೋಳ ಒಂದು ಗೇಣು ಎದ್ದ ಮೇಲೆ ಮಿಡತೆ ಹಿಂದೆ ಹ್ಯಾರಿಯರ್. ಹತ್ತಿ ಹೊಲ ಬಿಟ್ಟುಬಿಡಿ.

ಕಿನ್ನಾಳ ಗೊಂಬೆ · ಸೆಪ್ಟೆಂಬರ್ 20

ಸ್ಯಾಂಡ್‌ಪೈಪರ್ ಮೂರೂ ಒಂದೇ ಥರ ಕಾಣ್ತಾವ. ಪುಸ್ತಕದಾಗ ಬೇರೆ ಬೇರೆ ಅನಿಸ್ತಾವ, ಹಿರೇಹಳ್ಳ ಡ್ಯಾಂ ದಂಡಿಮ್ಯಾಲ ಎಲ್ಲಾ ಕಂದು. ಹೆಂಗ ಬಿಡಿಸ್ಕೋಬೇಕು?

ರಾಯಚೂರು ರೀವ · ಸೆಪ್ಟೆಂಬರ್ 20

ಅಕ್ಕಾರೆ, ನಿಂತಾಗ ತಲೆ ಕೆಡಿಸಿಕೊಳ್ಳಬೇಡಿ, ಹಾರುವಾಗ ನೋಡಿ. ಮೂರೂ ಹಾರುವಾಗ ತಮ್ಮ ಗುರುತು ತಾವೇ ಬಿಟ್ಟುಕೊಡುತ್ತವೆ.

ಕಾಮನ್ ಸ್ಯಾಂಡ್‌ಪೈಪರ್ ನೀರಿಗೆ ತಾಗುವಷ್ಟು ಕೆಳಗೆ, ರೆಕ್ಕೆಯನ್ನು ಭುಜದ ಮೇಲಕ್ಕೆ ಎತ್ತದೆ ಪಟಪಟ ಬಡಿದು, ನಡುವೆ ತೇಲಿ, ಮತ್ತೆ ಬಡಿದು ಹೋಗುತ್ತದೆ. ರೆಕ್ಕೆ ಉದ್ದಕ್ಕೂ ಬಿಳಿ ಪಟ್ಟಿ, ಸೊಂಟ ಮಾತ್ರ ಬೆನ್ನಿನ ಬಣ್ಣವೇ. ನಿಂತಾಗ ಹಿಂಭಾಗ ಸುಮ್ಮನಿರುವುದಿಲ್ಲ, ಮೇಲೆ ಕೆಳಗೆ ಆಡುತ್ತಲೇ ಇರುತ್ತದೆ. ಎದೆಯ ಕಂದು ಮತ್ತು ರೆಕ್ಕೆಯ ನಡುವೆ, ಭುಜದ ಹತ್ತಿರ, ಹೊಟ್ಟೆಯ ಬಿಳಿ ಮೇಲಕ್ಕೆ ನುಗ್ಗಿರುತ್ತದೆ.

ಗ್ರೀನ್ ಎದ್ದರೆ ಕಪ್ಪು-ಬಿಳುಪು ಹಕ್ಕಿ ಎದ್ದ ಹಾಗೆ. ಬೆನ್ನು ಕಡುಕಪ್ಪು, ಸೊಂಟ ಅಚ್ಚ ಬಿಳಿ, ರೆಕ್ಕೆಯ ಅಡಿಯೂ ಕಪ್ಪು. ಕೂಗುತ್ತಾ ನೆಟ್ಟಗೆ ಮೇಲೇರಿ ದೂರ ಹೋಗಿಬಿಡುತ್ತದೆ. ವುಡ್‌ನ ಸೊಂಟವೂ ಬಿಳಿಯೇ, ಆದರೆ ರೆಕ್ಕೆ ಅಡಿ ಮಾಸಲು ಬಿಳಿ, ಕಾಲು ಹಳದಿ ಛಾಯೆ, ಹಾರುವಾಗ ಕಾಲ್ಬೆರಳು ಬಾಲದಾಚೆ ಚಾಚಿರುತ್ತವೆ. ನಿಂತಾಗ ಹುಬ್ಬು ನೋಡಿ: ವುಡ್‌ನ ಬಿಳಿ ಹುಬ್ಬು ಕಣ್ಣು ದಾಟಿ ಹಿಂದಕ್ಕೆ ಹೋಗುತ್ತದೆ, ಗ್ರೀನ್‌ನದು ಕಣ್ಣಿನ ಮುಂದೆಯೇ ನಿಲ್ಲುತ್ತದೆ. ಬೆನ್ನ ಮೇಲಿನ ಚುಕ್ಕೆ ವುಡ್‌ಗೆ ದಪ್ಪ, ಗ್ರೀನ್‌ಗೆ ಸಾಸಿವೆ ಕಾಳಿನಷ್ಟು.

ಸ್ಟಿಂಟ್ ಎರಡರಲ್ಲಿ ಲಿಟಲ್‌ಗೆ ಕಪ್ಪು ಕಾಲು, ಟೆಮಿಂಕ್ಸ್‌ಗೆ ಹಳದಿ-ಹಸಿರು ಕಾಲು. ಕೆಸರು ಮೆತ್ತಿದ ಕಾಲು ಎಲ್ಲವೂ ಕಪ್ಪೇ, ಅದು ನೆನಪಿರಲಿ. ಹಾಗಾದಾಗ ಬಾಲದ ಹೊರಗರಿ ನೋಡಿ. ಅಚ್ಚ ಬಿಳಿ ಇದ್ದರೆ ಟೆಮಿಂಕ್ಸ್.

ಗದ್ದೆಯಲ್ಲಿ ಕಾಲಬುಡದಿಂದ ಎದ್ದು ಸೊಟ್ಟಸೊಟ್ಟ ಹಾರುವುದು ಸ್ನೈಪ್. ರೆಕ್ಕೆಯ ಹಿಂದಿನ ಅಂಚಿನಲ್ಲಿ ಸ್ಪಷ್ಟ ಬಿಳಿ ಗೆರೆ ಇದ್ದರೆ ಕಾಮನ್, ಇಲ್ಲದಿದ್ದರೆ ಪಿನ್‌ಟೇಲ್. ಫೋಟೊ ಸಿಗದಿದ್ದರೆ "ಸ್ನೈಪ್, ಜಾತಿ ತಿಳಿಯದು" ಅಂತ ಬರೆದರೆ ಮರ್ಯಾದೆಯೇನೂ ಹೋಗುವುದಿಲ್ಲ.

ಕಿನ್ನಾಳ ಗೊಂಬೆ · ಸೆಪ್ಟೆಂಬರ್ 21

ಹುಬ್ಬಿನ ಮಾತು ಬಾಳ ಉಪಯೋಗ ಆತ್ರಿ. ಮೊಬೈಲ್ ಆಪ್ ಕೂಗು ಕೇಳಿ ಹೆಸರು ಹೇಳ್ತೈತಲ್ಲ, ಅದನ್ನ ನಂಬಬಹುದಾ?

ರಾಯಚೂರು ರೀವ · ಸೆಪ್ಟೆಂಬರ್ 21

ಸುಳಿವು ಅಂತ ತಗೊಳ್ಳಿ, ಸಾಕ್ಷಿ ಅಂತ ಬೇಡ. ಕಾಜಾಣ ಬೇರೆ ಹಕ್ಕಿಗಳ ಕೂಗು ಅಣಕಿಸುತ್ತದೆ, ಆಪ್ ಅದನ್ನೂ ನಂಬಿಬಿಡುತ್ತದೆ. ಪಂಪ್‌ಸೆಟ್ ಸದ್ದು, ಗಾಳಿ ಇದ್ದರೆ ಇನ್ನೂ ಎಡವಟ್ಟು. ಆಪ್ ಹೆಸರು ತೋರಿಸಿದ ಮೇಲೆ ಹಕ್ಕಿಯನ್ನು ಕಣ್ಣಾರೆ ಹುಡುಕಿ ನೋಡಿ, ಆಮೇಲೆ ಇ-ಬರ್ಡ್ (ನೋಡಿದ ಹಕ್ಕಿ ದಾಖಲಿಸುವ ಜಾಲತಾಣ) ಪಟ್ಟಿಗೆ ಹಾಕಿ.

ಬಳ್ಳಾರಿ 70–300 · ಸೆಪ್ಟೆಂಬರ್ 28

ಕುರುಗೋಡು ರಸ್ತೆಯಲ್ಲಿ ಕರೆಂಟ್ ತಂತಿ ಮೇಲೆ ನೀಲಕಂಠ, ಆದರೆ ಎದೆ ಪೂರ್ತಿ ತಿಳಿ ನೀಲಿ, ಬೆನ್ನು ಇಟ್ಟಿಗೆ ಕಂದು. ಫೋಟೊ ಹಾಕಿದ್ದೇನೆ. ಯುರೋಪಿಯನ್ ರೋಲರ್ ಅಂತ ಹಾಕಲಾ?

ಎರೆಹೊಲ ಯಲಬುರ್ಗಾ · ಸೆಪ್ಟೆಂಬರ್ 28

ಎದುರು ಬಿಸಿಲಿನ ಫೋಟೊ, ಬಣ್ಣ ನಂಬುವಂತಿಲ್ಲ. ನಮ್ಮ ಊರ ನೀಲಕಂಠಕ್ಕೆ ಗಂಟಲು-ಎದೆ ಕಂದುಗುಲಾಬಿ, ಅದರ ಮೇಲೆ ಬಿಳಿ ಸಣ್ಣ ಗೆರೆಗಳು. ಬೆಳಕು ಹಿಂದಿನಿಂದ ಬಂದರೆ ಆ ಕಂದು ಮಾಸಿ ನೀಲಿಯಂತೆ ಕಾಣಬಹುದು. ಮರಿಗಳ ಬಣ್ಣ ಇನ್ನೂ ಸಪ್ಪೆ.

ಹಗರಿ ಮರಳು · ಸೆಪ್ಟೆಂಬರ್ 28

ಗೆರೆ ಇಲ್ಲ ನೋಡಿ ಅಣ್ಣಾ, ಜೂಮ್ ಮಾಡಿ. ನನಗೆ ಯುರೋಪಿಯನ್ ಅಂತಲೇ ಅನ್ನಿಸುತ್ತೆ. ದಿನಾಂಕವೂ ಸರಿಯಾಗಿದೆ.

ಎರೆಹೊಲ ಯಲಬುರ್ಗಾ · ಸೆಪ್ಟೆಂಬರ್ 28

ದಿನಾಂಕ ಸರಿ ಇದೆ ಅಂತ ಹಕ್ಕಿಯೂ ಸರಿ ಅಂತ ಆಗುವುದಿಲ್ಲ. ಯುರೋಪಿಯನ್ ಮರಿಯ ಎದೆಯಲ್ಲೂ ತೆಳು ಗೆರೆ ಇರುತ್ತದೆ, ಹಾಗಾಗಿ ಎದೆಯೊಂದರ ಮೇಲೆ ಎರಡೂ ಕಡೆ ವಾದ ಮಾಡಬಹುದು. ರೆಕ್ಕೆ ಬಿಚ್ಚಿದ ಫೋಟೊ ಇದೆಯಾ? ನಮ್ಮ ನೀಲಕಂಠ ರೆಕ್ಕೆ ಬಿಚ್ಚಿದರೆ ಕಡುನೀಲಿ, ತಿಳಿನೀಲಿ ಪಟ್ಟೆಗಳು ಎದ್ದು ಕಾಣುತ್ತವೆ, ಬಾಲದ ತುದಿಯಲ್ಲೂ ಕಡುನೀಲಿ ಪಟ್ಟಿ. ಯುರೋಪಿಯನ್‌ಗೆ ರೆಕ್ಕೆಯ ಮುಂಭಾಗ ನೀಲಿ, ಹಾರುಗರಿ ಕಪ್ಪು. ಆ ತಿಳಿನೀಲಿ ಪಟ್ಟೆ ಇರುವುದೇ ಇಲ್ಲ.

ಬಳ್ಳಾರಿ 70–300 · ಸೆಪ್ಟೆಂಬರ್ 28

ಹಾರಿದ್ದು ಒಂದು ಇದೆ, ಅಲುಗಿದೆ. ಹಾಕಿದ್ದೀನಿ.

ಎರೆಹೊಲ ಯಲಬುರ್ಗಾ · ಸೆಪ್ಟೆಂಬರ್ 29

ಅಲುಗಿದ್ದರೂ ಸಾಕು. ಹಾರುಗರಿ ಪೂರ್ತಿ ಕಪ್ಪು, ಪಟ್ಟೆ ಇಲ್ಲ. ಯುರೋಪಿಯನ್ ರೋಲರ್. ಪಟ್ಟಿಗೆ ಹಾಕುವಾಗ ಈ ಮಂಕು ಫೋಟೊವನ್ನೇ ಮೊದಲು ಹಾಕಿ, ಚಂದದ್ದು ಆಮೇಲೆ. ಆಫ್ರಿಕಾಕ್ಕೆ ಹೊರಟ ಹಕ್ಕಿ, ನಾಳೆ ಅಲ್ಲೇ ಇರುತ್ತದೆ ಅಂತ ಯಾರೂ ಪೆಟ್ರೋಲ್ ಸುಡಬೇಡಿ.

ಮುಂದಿನ ಸಲಕ್ಕೆ: ಶಟರ್ 1/2000, ಆಕಾಶ ಹಿನ್ನೆಲೆ ಇದ್ದರೆ ಎಕ್ಸ್‌ಪೋಷರ್ +1. ಇಲ್ಲದಿದ್ದರೆ ಹೊಟ್ಟೆ ಭಾಗ ಕಪ್ಪಾಗುತ್ತದೆ. ಕೂತ ಹಕ್ಕಿಯ ಎರಡು ಫೋಟೊ ಸಾಕು, ಆಮೇಲೆ ಅದು ಹಾರುವವರೆಗೆ ಕಾಯಿರಿ. ಕಲ್ಲು ಎಸೆದು ಹಾರಿಸುವವರೂ ಇದ್ದಾರೆ. ಅಂಥವರ ಫೋಟೊ ಇಲ್ಲಿ ಬೇಡ.

ಕಳ್ಳಿಪೀರಕ್ಕೂ ಇದೇ ಮಾತು. ಗಂಟಲ ಕಂದು ನೋಡಿ ಹೆಸರಿಡಬೇಡಿ, ನೀಲಿಬಾಲದ್ದು, ನೀಲಿ ಕೆನ್ನೆಯದು ಎರಡಕ್ಕೂ ಇರುತ್ತದೆ. ಬಾಲ, ಸೊಂಟ ನೀಲಿ ಇದ್ದರೆ ನೀಲಿಬಾಲದ್ದು. ಬಾಲ ಹಸಿರು, ಹಣೆ ಬಿಳಿಚು, ಕಣ್ಣ ಕಪ್ಪು ಪಟ್ಟಿಯ ಮೇಲೂ ಕೆಳಗೂ ತಿಳಿನೀಲಿ ಇದ್ದರೆ ನೀಲಿ ಕೆನ್ನೆಯದು.

ಮಸ್ಕಿ ಜೋಳ · ಅಕ್ಟೋಬರ್ 2

ನಾನು ಹಕ್ಕಿ ನೋಡಾಂವ ಅಲ್ಲ, ಒಕ್ಕಲುತನದಾಂವ. ನೀವು ಗುಲಾಬಿ ಕಬ್ಬಕ್ಕಿ ಅಂತೀರಲ್ಲ, ಅದು ಬಂತಂದ್ರ ಜೋಳದ ತೆನಿ ಖಾಲಿ. ಅದನ್ನ ನೋಡಾಕ ಬರಾವ್ರು ಹೊಲದಾಗ ನಡುವ ಹೊಕ್ಕು ಬೆಳಿ ತುಳಿತಾರ. ಅದಕ್ಕೇನ್ ಹೇಳ್ತೀರಿ?

ಎರೆಹೊಲ ಯಲಬುರ್ಗಾ · ಅಕ್ಟೋಬರ್ 2

ನಿಮ್ಮ ಮಾತು ಖರೆ ಐತಿ ಯಜಮಾನ್ರೆ. ಹಾಲುಗಾಳಿನ ಜೋಳಕ್ಕೆ ಅವು ಬೀಳುವುದು ಸುಳ್ಳಲ್ಲ. ಅದೇ ಹಿಂಡು ಮಿಡತೆ, ಹುಳವನ್ನೂ ತಿನ್ನುತ್ತದೆ, ಆದರೆ ತೆನೆ ಹೋದ ಮೇಲೆ ಆ ಲೆಕ್ಕ ಯಾರಿಗೆ ಬೇಕು.

ಹಿಂಡು ಹೊಲಕ್ಕೆ ಬೀಳುವ ಹೊತ್ತು ಎರಡು: ಸೂರ್ಯ ಹುಟ್ಟಿದ ಮೊದಲ ಎರಡು ತಾಸು, ಸಂಜೆ ತಂಗುವ ಮರಗಳಿಗೆ ಮರಳುವ ಮೊದಲಿನ ಎರಡು ತಾಸು. ಕಾವಲು ಆ ಹೊತ್ತಿಗೆ ಗಟ್ಟಿ ಇದ್ದರೆ ನಡುಮಧ್ಯಾಹ್ನ ಬಿಡುವು ಕೊಡಬಹುದು. ಹೊಳೆಯುವ ರಿಬ್ಬನ್ ಕಟ್ಟುವುದಾದರೆ ಕಾಳು ಹಾಲು ತುಂಬುವ ಹೊತ್ತಿಗೇ ಕಟ್ಟಿ, ಬಿತ್ತಿದಾಗಿನಿಂದ ಕಟ್ಟಿದರೆ ಹಕ್ಕಿಗೆ ರೂಢಿಯಾಗಿಬಿಡುತ್ತದೆ. ತೆನೆಯ ಮಟ್ಟಕ್ಕಿಂತ ಒಂದಡಿ ಮೇಲೆ, ಗಾಳಿಗೆ ಅಡ್ಡವಾಗಿ, ಒಂದೆರಡು ಸುತ್ತು ತಿರುವಿ ಕಟ್ಟಿದರೆ ಝುಂಯ್ ಅನ್ನುತ್ತದೆ. ಬಿಗಿಯಾಗಿ ಎಳೆದು ಕಟ್ಟಿದ್ದು ಗಾಳಿಗೆ ಹರಿದುಹೋಗುತ್ತದೆ. ಸಣ್ಣ ಕಣ್ಣಿನ ನೈಲಾನ್ ಬಲೆ ಮಾತ್ರ ಹಾಕಬೇಡಿ. ಗೂಬೆ, ಹಾವು ಸಿಕ್ಕಿಕೊಂಡು ಸಾಯುತ್ತವೆ, ಅವೇ ಹೋದರೆ ಇಲಿ ಹೆಚ್ಚುತ್ತದೆ.

ನೋಡಲು ಬರುವವರಿಗೆ: ಬದು ಬಿಟ್ಟು ಇಳಿಯಬೇಡಿ, ಕೇಳದೆ ಬದುವನ್ನೂ ಹತ್ತಬೇಡಿ. ಹೊಲದವರು ಯಾರೂ ಇಲ್ಲದಿದ್ದರೆ ರಸ್ತೆ ಮೇಲಿಂದ ನೋಡಿ ಹೋಗಿ.

ಮಸ್ಕಿ ಜೋಳ · ಅಕ್ಟೋಬರ್ 3

ರಿಬ್ಬನ್ ಮಾತು ಹೌದು. ಈಗ ಕಾಣಾಕ ಹತ್ತಿದ್ದು ಬೂದು ಬಣ್ಣದ್ದು ಅದಾವ, ಗುಲಾಬಿ ಅಲ್ಲ. ಬ್ಯಾರೆ ಜಾತಿಯೇನು?

ಮುನಿರಾಬಾದ್ ಹಿನ್ನೀರು · ಅಕ್ಟೋಬರ್ 3

ಅದೇ ಜಾತಿ, ಈ ವರ್ಷದ ಮರಿಗಳು. ಮೈ ಮರಳು ಬೂದು, ಕೊಕ್ಕು ಹಳದಿ. ಗುಲಾಬಿ ಬರೋದು ಮುಂದೆ. ದೊಡ್ಡ ಹಿಂಡು ಎಣಿಸುವಾಗ ಹತ್ತು ಹಕ್ಕಿ ಎಣಿಸಿ ಅದು ಎಷ್ಟು ಜಾಗ ಹಿಡಿಯುತ್ತದೆ ಅಂತ ಕಣ್ಣಿಗೆ ಹಾಕಿಕೊಳ್ಳಿ, ಅಂಥ ಹತ್ತು ಜಾಗ ಸೇರಿ ನೂರು, ಆ ನೂರರ ಅಳತೆಯಿಂದ ಹಿಂಡು ಅಳೆಯಿರಿ. "ಸಾವಿರಾರು" ಅಂತ ಬರೆದರೆ ಮುಂದಿನ ವರ್ಷ ಹೋಲಿಸಲು ಏನೂ ಉಳಿಯುವುದಿಲ್ಲ.

ರಾಯಚೂರು ರೀವ · ಅಕ್ಟೋಬರ್ 6

ಹ್ಯಾರಿಯರ್ ಬಂದಿವೆ. ಪ್ರತಿ ಸಲ ಇದರ ಮೇಲೆ ಜಗಳ ಆಗುವುದರಿಂದ ಒಂದೇ ಕಡೆ ಬರೆಯುತ್ತೇನೆ.

ಗೊಂದಲ ಪ್ಯಾಲಿಡ್, ಮೊಂಟಾಗೂಸ್ ಎಂಬ ಎರಡು ಜಾತಿಗಳದು. ಬಲಿತ ಗಂಡು ಸುಲಭ. ಪ್ಯಾಲಿಡ್ ಗಂಡು ಹೊಟ್ಟೆಯಡಿ ಬೆಳ್ಳಗೆ, ಮೇಲೆ ತಿಳಿಬೂದು, ರೆಕ್ಕೆ ತುದಿಯಲ್ಲಿ ಕಿರಿದಾದ ಕಪ್ಪು ತ್ರಿಕೋನ. ಮೊಂಟಾಗೂಸ್ ಗಂಡು ಕಡುಬೂದು, ರೆಕ್ಕೆ ತುದಿಯ ಕಪ್ಪು ಅಗಲ, ರೆಕ್ಕೆಯ ಮೇಲೆ ಉದ್ದಕ್ಕೆ ಒಂದು ಕಪ್ಪು ಗೆರೆ, ಪಕ್ಕೆಯಲ್ಲಿ ಕಂದು ಗೀಟು. ಆ ಕಪ್ಪು ಗೆರೆ ಕಂಡರೆ ಮಾತು ಮುಗಿಯಿತು.

ಕಷ್ಟ ಇರುವುದು ಹೆಣ್ಣು ಮತ್ತು ಮರಿಯಲ್ಲಿ. ಅಕ್ಟೋಬರ್‌ನಲ್ಲಿ ಕಾಣುವುದರಲ್ಲಿ ಮರಿಗಳೇ ಬಹಳ. ಎರಡರ ಮರಿಗೂ ಹೊಟ್ಟೆ ಗೆರೆಯಿಲ್ಲದ ಕಿತ್ತಳೆ ಕಂದು, ಎರಡಕ್ಕೂ ಸೊಂಟ ಬಿಳಿ. ಹಾಗಾಗಿ ಮುಖ ನೋಡಬೇಕು. ಪ್ಯಾಲಿಡ್ ಮರಿಗೆ ಕೆನ್ನೆಯ ಕಪ್ಪು ಮಚ್ಚೆಯ ಹಿಂದೆ ತಿಳಿಬಣ್ಣದ ಪಟ್ಟಿ ಕತ್ತಿನ ಸುತ್ತ ಬಂದಿರುತ್ತದೆ, ಅದರ ಹಿಂದೆ ಕತ್ತಿನ ಬದಿ ಮತ್ತೆ ಕಡುಕಂದು. ಮೊಂಟಾಗೂಸ್‌ಗೆ ಆ ಪಟ್ಟಿ ಇಲ್ಲ, ಇದ್ದರೂ ಮಾಸಲು. ಕಣ್ಣ ಸುತ್ತಲ ಬಿಳಿ ಮಾತ್ರ ಹೆಚ್ಚು. ಬಲಿತ ಹೆಣ್ಣಾದರೆ ರೆಕ್ಕೆಯಡಿ ನೋಡಿ: ಮೈಗೆ ಹತ್ತಿರದ ಹಾರುಗರಿಗಳು ಮಬ್ಬುಗಪ್ಪಾಗಿದ್ದರೆ ಪ್ಯಾಲಿಡ್, ತಿಳಿಬಣ್ಣದ ಮೇಲೆ ಪಟ್ಟಿ ಸ್ಪಷ್ಟವಾಗಿದ್ದರೆ, ಕಂಕುಳಲ್ಲಿ ಕೆಂಗಂದು ಅಡ್ಡಗೆರೆ ಇದ್ದರೆ ಮೊಂಟಾಗೂಸ್.

ರೆಕ್ಕೆ ತುದಿಯ "ಬೆರಳು" (ಬಿಡಿಬಿಡಿಯಾಗಿ ಚಾಚಿದ ಗರಿ) ಎಣಿಸುವ ಉಪಾಯವೂ ಇದೆ. ಇವೆರಡಕ್ಕೂ ನಾಲ್ಕು, ಮಾರ್ಷ್‌ಗೆ ಐದು. ಆದರೆ ಹೊರಗರಿ ಇನ್ನೂ ಪೂರ್ತಿ ಬೆಳೆಯದ ಬಲಿತ ಹಕ್ಕಿಯಲ್ಲಿ ಈ ಎಣಿಕೆ ಕೈಕೊಡುತ್ತದೆ. ಮಾರ್ಷ್ ಹ್ಯಾರಿಯರ್ ಹೇಗೂ ಮೈಕಟ್ಟಿನಲ್ಲೇ ದಪ್ಪ. ಹೆಣ್ಣು ಕಡುಕಂದು, ತಲೆ ಮಾತ್ರ ಕೆನೆಬಣ್ಣ, ತಿರುಗುವುದು ಗದ್ದೆ, ಜೊಂಡಿನ ಮೇಲೆ.

ಇವು ರಾತ್ರಿ ಹುಲ್ಲುಬಯಲಿನಲ್ಲಿ ನೆಲದ ಮೇಲೇ ಒಟ್ಟಾಗಿ ತಂಗುತ್ತವೆ. ಸೂರ್ಯ ಮುಳುಗುವ ಅರ್ಧ ತಾಸು ಮೊದಲು ಒಂದೊಂದೇ ಬಂದು ತಗ್ಗಿನಲ್ಲಿ ಸುತ್ತಿ ಇಳಿಯುತ್ತವೆ. ಎಣಿಸಬೇಕಾದರೆ 300 ಮೀಟರ್ ದೂರದಲ್ಲಿ ಗಾಡಿಯೊಳಗೇ ಕೂತು ಎಣಿಸಿ, ಕತ್ತಲಾಗುವವರೆಗೆ ಕಾಯ್ದು ಹೆಡ್‌ಲೈಟ್ ಹಾಕದೆ ಹೊರಡಿ. ಟಾರ್ಚ್ ಹಿಡಿದು ಒಳಗೆ ಹೋದರೆ ಆ ಜಾಗ ಬಿಟ್ಟೇ ಹೋಗುತ್ತವೆ. ಗಂಗಾವತಿ ತಾಲ್ಲೂಕಿನ ಬಂಕಾಪುರ ತೋಳಧಾಮದಂಥ ಹುಲ್ಲುಗಾವಲಿಗೆ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಕಾಲಿಡಬೇಡಿ.

ಹಗರಿ ಮರಳು · ಅಕ್ಟೋಬರ್ 6

ಮುಖ ನೋಡು ಅಂತೀರಿ, ಅದು ನಿಲ್ಲಬೇಕಲ್ಲ! ಬಹಳ ಸಲ ಸಿಗೋದು ಬೆನ್ನು, ಬಿಳಿ ಸೊಂಟ ಅಷ್ಟೇ. ಆಗ "ಪ್ಯಾಲಿಡ್ ಇಲ್ಲವೇ ಮೊಂಟಾಗೂಸ್" ಅನ್ನೋ ಸಾಲೇ ಪಟ್ಟಿಯಲ್ಲಿದೆ, ಅದನ್ನು ಒತ್ತಿ ಮುಂದೆ ಹೋಗಬಹುದು.

ಬಳ್ಳಾರಿ 70–300 · ಅಕ್ಟೋಬರ್ 7

ಸಿರುಗುಪ್ಪ ಕಡೆ ಎರೆಭೂತದ (ಗ್ರೇಟ್ ಇಂಡಿಯನ್ ಬಸ್ಟರ್ಡ್) ಲೊಕೇಶನ್ ಯಾರಿಗಾದರೂ ಗೊತ್ತಿದ್ದರೆ ಇನ್‌ಬಾಕ್ಸ್ ಮಾಡಿ ಪ್ಲೀಸ್.

ಮುನಿರಾಬಾದ್ ಹಿನ್ನೀರು · ಅಕ್ಟೋಬರ್ 7

ಇಲ್ಲ ತಮ್ಮಾ, ಇನ್‌ಬಾಕ್ಸ್‌ನಲ್ಲೂ ಇಲ್ಲ. ಅಳಿವಿನ ಅಂಚಿನ ಹಕ್ಕಿ ಅದು, 1972ರ ವನ್ಯಜೀವಿ ಕಾಯ್ದೆಯ ಮೊದಲ ಅನುಸೂಚಿಯಲ್ಲಿದೆ. ನೆಲದ ಮೇಲೆ ಒಂದೇ ಮೊಟ್ಟೆ ಇಡುತ್ತದೆ. ನಾಲ್ಕು ಗಾಡಿ ಹಿಂದೆ ಬಿದ್ದರೆ ಎದ್ದು ಹಾರುತ್ತದೆ, ಹಾರಿದರೆ ಎದುರಿನ ವಿದ್ಯುತ್ ತಂತಿ ಅದಕ್ಕೆ ಸಮಯಕ್ಕೆ ಕಾಣುವುದಿಲ್ಲ. ಇ-ಬರ್ಡ್ ಕೂಡ ಇದರ ನಿಖರ ಜಾಗ ಬಯಲು ಮಾಡುವುದಿಲ್ಲ. ಆಕಸ್ಮಿಕವಾಗಿ ಕಂಡರೆ ನಿಂತಲ್ಲೇ ನಿಂತು ನೋಡಿ, ಅರಣ್ಯ ಇಲಾಖೆಗೆ ತಿಳಿಸಿ, ಸ್ಟೇಟಸ್‌ಗೆ ಹಾಕಬೇಡಿ. ಅಂದಹಾಗೆ, ತೊಗರಿ ಸಾಲಿನ ಮೇಲೆ ಕತ್ತು ಎತ್ತಿದ ಹೆಣ್ಣು ನವಿಲನ್ನು ನೋಡಿ "ಎರೆಭೂತ" ಅಂದವರು ಬಹಳ ಜನ.

ಅಕ್ಟೋಬರ್ ಎರಡನೇ ಶನಿವಾರ ಜಗತ್ತಿನಾದ್ಯಂತ ಹಕ್ಕಿ ಎಣಿಸುವ ದಿನ, ಅಕ್ಟೋಬರ್ ಬಿಗ್ ಡೇ. ಪಟ್ಟಿ ಹಾಕುವಾಗ ಆಗುವ ತಪ್ಪುಗಳನ್ನೂ ಹೇಳಿಬಿಡುತ್ತೇನೆ. ಬೆಳಿಗ್ಗೆಯಿಂದ ಸಂಜೆವರೆಗಿನ ಮೂರು ತಾಲ್ಲೂಕನ್ನು ಒಂದೇ ಪಟ್ಟಿಯಲ್ಲಿ ತುಂಬಬೇಡಿ. ಕೆರೆ ಬದಲಾದರೆ ಪಟ್ಟಿ ಬದಲಾಗಲಿ, ಒಂದು ಪಟ್ಟಿಯ ನಡಿಗೆ 8 ಕಿ.ಮೀ. ಮೀರದಿರಲಿ. ಕಾಗೆ, ಗೊರವಂಕ ಬಿಟ್ಟು ಅಪರೂಪದ್ದನ್ನಷ್ಟೇ ಬರೆದು "ಎಲ್ಲ ಹಕ್ಕಿ ಬರೆದಿದ್ದೇನೆ" ಅಂತ ಒತ್ತಿದರೆ ಆ ಪಟ್ಟಿ ಸುಳ್ಳು. ಪಿನ್ ನೀವು ನಿಂತ ಜಾಗಕ್ಕೆ ಇರಲಿ. ಡ್ಯಾಮಿನ ಈ ದಂಡೆ ಕೊಪ್ಪಳ, ಆ ದಂಡೆ ವಿಜಯನಗರ. ಅಪರೂಪದ ಹಕ್ಕಿಗೆ ಟಿಪ್ಪಣಿ ಬರೆಯುವಾಗ "ಚೆನ್ನಾಗಿ ಕಂಡಿತು" ಅನ್ನುವುದು ಟಿಪ್ಪಣಿ ಅಲ್ಲ. ದೂರ, ಬೆಳಕು, ಯಾವ ಗುರುತು ಕಂಡಿತು, ಹೋಲುವ ಯಾವ ಹಕ್ಕಿ ಅಲ್ಲ, ಯಾಕೆ ಅಲ್ಲ, ಇಷ್ಟು ಬೇಕು.

ಸಿಂಧನೂರು ಗದ್ದಿಬದು · ಅಕ್ಟೋಬರ್ 19

ಬಂಗಾಳಕೊಲ್ಲಿಯೊಳಗ ವಾಯುಭಾರ ಕುಸಿತ ಅಂತ ಸುದ್ದಿ. ಚಿತ್ತಿ ಮಳಿ ಜೋರು ಬಂದ್ರ ಹಕ್ಕಿ ಏನಾರ ಬರ್ತಾವೇನ್ರಿ?

ರಾಯಚೂರು ರೀವ · ಅಕ್ಟೋಬರ್ 19

ಬರಬಹುದು. ಬಿರುಗಾಳಿ ಒಳನಾಡಿಗೆ ನುಗ್ಗಿದರೆ ಕಡಲ ಹಕ್ಕಿಗಳು ಅದರ ಜೊತೆ ತಳ್ಳಿಕೊಂಡು ಬಂದು ದೊಡ್ಡ ನೀರು ಕಂಡಲ್ಲಿ ಇಳಿಯುತ್ತವೆ. ಆಗ ಮಾತ್ರ ತುಂಬಿದ ಡ್ಯಾಂ ನೋಡಲು ಅರ್ಥ ಇದೆ. ಮಳೆ ನಿಂತ ಮೊದಲ ಬೆಳಿಗ್ಗೆಯೇ ಹೋಗಬೇಕು, ಮಧ್ಯಾಹ್ನಕ್ಕೆ ಹೊರಟುಬಿಡುತ್ತವೆ. ನಮಗೆ ಪರಿಚಯದ ವಿಸ್ಕರ್ಡ್ ರೀವ (ರೀವ ಅಂದರೆ ಟರ್ನ್), ಹೊಳೆ ರೀವಗಳ ನಡುವೆ ಬೆನ್ನು ಕಡುಗಪ್ಪು ಇರುವ ರೀವ ಇದೆಯಾ ಹುಡುಕಿ. ಸಣ್ಣ ಕೆರೆಗಳಲ್ಲಿ ನೀರ ಮೇಲೆ ಈಜುತ್ತಾ ಬುಗುರಿಯಂತೆ ಸುತ್ತುವ ಸಣ್ಣ ಗೊರವ ಕಂಡರೆ ಅದು ರೆಡ್-ನೆಕ್ಡ್ ಫ್ಯಾಲರೋಪ್. ಸೂಜಿಯಂಥ ಕಪ್ಪು ಕೊಕ್ಕು, ಕಣ್ಣ ಹಿಂದೆ ಕಪ್ಪು ಮಚ್ಚೆ. ಕೂಡಲೇ ಇಲ್ಲಿ ಹಾಕಿ.

ಅಣೆಕಟ್ಟೆಯ ಮೇಲೆ ಕ್ಯಾಮೆರಾ ತೆಗೆದರೆ ಕಾವಲಿನವರು ತಡೆಯುತ್ತಾರೆ, ಅದು ಅವರ ಕೆಲಸ. ಹಿನ್ನೀರಿನ ಹಳ್ಳಿಗಳ ಕಡೆಯಿಂದ ನೋಡಿ. ಬೆಳಿಗ್ಗೆಯಾದರೆ ಸೂರ್ಯ ಬೆನ್ನಿಗಿರುವಂತೆ ಪೂರ್ವದ ದಂಡೆ.

ಗಾಳಿಗೆ ಸೋತು ನೆಲಕ್ಕೆ ಬಿದ್ದ ಹಕ್ಕಿ ಸಿಕ್ಕರೆ ಬಾಯಿಗೆ ನೀರು ಹೊಯ್ಯಬೇಡಿ, ಶ್ವಾಸಕ್ಕೆ ಹೋಗಿ ಸಾಯುತ್ತದೆ. ಟವೆಲ್ಲು ಮುಚ್ಚಿ ಹಿಡಿದು, ತೂತು ಮಾಡಿದ ರಟ್ಟಿನ ಡಬ್ಬಿಯಲ್ಲಿ, ಕತ್ತಲಲ್ಲಿ, ಸದ್ದಿಲ್ಲದ ಕಡೆ ಇಟ್ಟು ವಲಯ ಅರಣ್ಯಾಧಿಕಾರಿ ಕಚೇರಿಗೆ ಫೋನ್ ಮಾಡಿ. ಸತ್ತು ಬಿದ್ದವು ಹಲವು ಕಂಡರೆ ಬರಿಗೈಯಲ್ಲಿ ಮುಟ್ಟದೆ ಪಶುಸಂಗೋಪನೆ ಇಲಾಖೆಗೂ ತಿಳಿಸಿ.

ಕಿನ್ನಾಳ ಗೊಂಬೆ · ಅಕ್ಟೋಬರ್ 31

ಪಟ್ಟೆತಲೆ ಹೆಬ್ಬಾತು ನೋಡಾಕ ಮಾಗಡಿ ಕೆರೆಗೇ ಹೋಗಬೇಕಾ? ಗದಗ ಜಿಲ್ಲಾ ಆತು ಅದು. ನಮ್ಮ ಕಡೆ ಇಳಿಯಂಗಿಲ್ಲೇನು?

ಮುನಿರಾಬಾದ್ ಹಿನ್ನೀರು · ಅಕ್ಟೋಬರ್ 31

ಇಳಿಯುತ್ತವೆ, ಆದರೆ ಮಾಗಡಿಯಷ್ಟು ಖಾತ್ರಿ ಇಲ್ಲ. ಹಗಲು ಬಯಲು ಕೆರೆಯ ನಡುವೆ ನಿದ್ದೆ, ಸಂಜೆ ಹೊಲಕ್ಕೆ ಹೊರಟು ಕಡಲೆ ಚಿಗುರು, ಉದುರಿದ ಶೇಂಗಾ ಮೇಯುವುದು, ಬೆಳಿಗ್ಗೆ ಮರಳುವುದು. ಹಾಗಾಗಿ ಸುತ್ತ ಕಡಲೆ ಹೊಲ ಇದ್ದು, ದಂಡೆಯಲ್ಲಿ ಜಾಲಿ ಬೆಳೆಯದ ಕೆರೆ ನೋಡಿ. ಬೆಳಿಗ್ಗೆ 8ರ ಹೊತ್ತಿಗೆ ಕೆರೆಗೆ ಇಳಿಯುವಾಗ ಎಣಿಸುವುದು ಸುಲಭ. ಮರಿಗಳಿಗೆ ತಲೆಯ ಎರಡು ಕಪ್ಪು ಪಟ್ಟಿ ಇನ್ನೂ ಮೂಡಿರುವುದಿಲ್ಲ, ತಲೆಯ ಹಿಂದೆ ಕಂದು ಮಬ್ಬು ಮಾತ್ರ. ಬಲಿತವು, ಮರಿಗಳು ಎಷ್ಟೆಷ್ಟು ಅಂತ ಬೇರೆ ಬೇರೆ ಬರೆಯಿರಿ.

ಕತ್ತಿನಲ್ಲಿ ಪ್ಲಾಸ್ಟಿಕ್ ಪಟ್ಟಿ ಇದೆಯಾ ಒಂದೊಂದನ್ನೂ ನೋಡಿ. ಮಂಗೋಲಿಯಾದಲ್ಲಿ ಹಾಕಿದ ಪಟ್ಟಿಯ ಹೆಬ್ಬಾತುಗಳು ಕರ್ನಾಟಕದಲ್ಲಿ ಕಂಡಿವೆ. ಪಟ್ಟಿಯ ಬಣ್ಣ, ಅಕ್ಷರದ ಬಣ್ಣ, ಅಕ್ಷರ ಮತ್ತು ಅಂಕಿ ಯಾವ ಕ್ರಮದಲ್ಲಿ ಕಂಡವೋ ಅದೇ ಕ್ರಮ, ಕಾಲುಂಗುರ ಇದ್ದರೆ ಎಡವೋ ಬಲವೋ, ಎಲ್ಲ ಗುರುತು ಹಾಕಿ ಮುಂಬೈನ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಕಳುಹಿಸಿ. ಒಂದು ಅಕ್ಷರ ಅನುಮಾನ ಇದ್ದರೆ ಊಹಿಸಿ ತುಂಬಬೇಡಿ, ಆ ಜಾಗಕ್ಕೆ ಪ್ರಶ್ನೆಚಿಹ್ನೆ ಹಾಕಿ.

ಕಿನ್ನಾಳ ಗೊಂಬೆ · ನವೆಂಬರ್ 1

ಸ್ಕೋಪ್ ಒಂದು ಎರವಲು ಸಿಕ್ಕೈತ್ರಿ, 20–60. ಏರಿ ಮ್ಯಾಲ ಗಾಳಿಗೆ ಅಲುಗಿ ಅಕ್ಷರ ಓದಾಕ ಆಗವಲ್ದು.

ಎರೆಹೊಲ ಯಲಬುರ್ಗಾ · ನವೆಂಬರ್ 1

60ಕ್ಕೆ ಏರಿಸಬೇಡ್ರಿ, 30ರಲ್ಲೇ ಓದಿ. ಟ್ರೈಪಾಡ್ ನಡುಗಂಬ ಎತ್ತದೆ, ಕಾಲು ಅಗಲಿಸಿ, ನೆಲದ ಮೇಲೆ ಕೂತು ನೋಡುವಷ್ಟು ತಗ್ಗಿಸಿ. ನಡುವಿನ ಕೊಕ್ಕೆಗೆ ಕಲ್ಲು ತುಂಬಿದ ಚೀಲ ತೂಗುಹಾಕಿ, ಚೀಲದ ತಳ ನೆಲಕ್ಕೆ ತಾಗಿರಲಿ, ಇಲ್ಲದಿದ್ದರೆ ಅದೇ ಗಾಳಿಗೆ ತೂಗಿ ಇನ್ನಷ್ಟು ಅಲುಗಿಸುತ್ತದೆ. ಏರಿಯ ನೆತ್ತಿ ಬಿಟ್ಟು ಗಾಳಿಮರೆಯ ಕಡೆ, ತೂಬಿನ ಕಟ್ಟೆ ಇದ್ದರೆ ಅದರ ಮಗ್ಗುಲಿಗೆ ಕೂತುಕೊಳ್ಳಿ. ಕಣ್ಣಿನಿಂದ ಆಗದಿದ್ದರೆ ಮೊಬೈಲ್ ಇಟ್ಟು ವಿಡಿಯೊ ಮಾಡಿ, ಮನೆಗೆ ಹೋಗಿ ಒಂದೊಂದೇ ಚಿತ್ರ ನಿಲ್ಲಿಸಿ ನೋಡಿದರೆ ಯಾವುದಾದರೂ ಒಂದರಲ್ಲಿ ಅಕ್ಷರ ನಿಂತಿರುತ್ತದೆ.